ಸಿಸ್ಟರ್ ಅವರ ಹೂಂ

ಹೋದ ಭಾನುವಾರ ಕಾನ್ವೆಂಟಿಗೆ ಹೊಸದಾಗಿ ಬಂದಿರುವ ಚಿಕ್ಕ ವಯಸ್ಸಿನ ಸಿಸ್ಟರ್ ಒಬ್ಬರು ನಮ್ಮ ಗೇಟಿನ ಹತ್ತಿರವೇ ನಿಂತು ಸುದ್ದಿ ಹೇಳಿದರು. ನಮ್ಮ ಸಿಸ್ಟರ್ ಹೋಗಿಬಿಟ್ಟರಂತೆ. ಜ್ವರ ಬಂದು, ಕೆಲಸಕ್ಕೆ ಹೋಗಿದ್ದ ಆಫ್ರಿಕಾದಲ್ಲಿಯೇ. ಅಲ್ಲೇ ಮಣ್ಣು ಮಾಡಿದರಂತೆ. ಸಂಜೆ ಪ್ರಾರ್ಥನೆ ಇಟ್ಟುಕೊಂಡಿದ್ದೇವೆ, ನಿಮ್ಮ ಮನೆಗೆ ಬಹಳ ಬರುತ್ತಿದ್ದರಲ್ಲ, ಎರಡು ಮಾತು ಹೇಳಬೇಕು ಎಂದರು. ನಾನು ಹೂಂ ಅಂದೆ. ಹೋದೆ ಕೂಡ. ಆದರೆ ಮೈಕಿನ ಮುಂದೆ ನಿಂತಾಗ ನನಗೆ ಹೇಳಬೇಕೆನಿಸಿದ್ದೆಲ್ಲ ನಮ್ಮ ಸಿಸ್ಟರ್ ಅನ್ನುತ್ತಿದ್ದ ಹೂಂ ಎಂಬ ಒಂದು ಸದ್ದಿನ ಬಗ್ಗೆಯೇ ಇತ್ತು. ಅದನ್ನು ಸಭೆಯಲ್ಲಿ ಹೇಗೆ ಹೇಳುವುದು? "ತುಂಬಾ ಒಳ್ಳೆಯವರು" ಎಂದಷ್ಟೇ ಹೇಳಿ ಕೂತುಬಿಟ್ಟೆ. ಅಲ್ಲಿ ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೊನ್ನಾಳಿಯವಳು, ಓದಿದ್ದು ಕಾನ್ವೆಂಟಿನಲ್ಲಿ. ಸಿಸ್ಟರ್ ಎಂದರೆ ಈಗಲೂ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಶಾಲೆಯಲ್ಲಿ ಅವರು ಇಂಗ್ಲಿಷಿನಲ್ಲಿ ಏನು ಕೇಳಿದರೂ, ಅರ್ಥವಾಗಲಿ ಬಿಡಲಿ, "ಯೆಸ್ ಸಿಸ್ಟರ್" ಎನ್ನುವುದೇ ನಮಗಿದ್ದ ದಾರಿ. ಹೆದರಿಸುವ ಸಿಸ್ಟರುಗಳು ಎಷ್ಟೋ ಜನರನ್ನು ಕಂಡಿದ್ದೇನೆ. ಹೆದರಿದ ಸಿಸ್ಟರನ್ನು ಕಂಡಿದ್ದು ಇವರೊಬ್ಬರನ್ನೇ.

ಮದುವೆಯಾಗಿ ನಾನು ಚನ್ನಗಿರಿಗೆ ಬಂದು ಎಷ್ಟೋ ವರ್ಷಗಳಾದ ಮೇಲೆ ಅವರು ಇಲ್ಲಿಯ ಕಾನ್ವೆಂಟಿಗೆ ಬಂದರು. ನಲ್ಲೂರು ರಸ್ತೆಯಲ್ಲಿ ಆಗ ಅವರದೊಂದು ಸಣ್ಣ ದವಾಖಾನೆ ಇತ್ತು, ಅಲ್ಲಿ ನರ್ಸು. ಐವತ್ತರ ಆಸುಪಾಸು. ಬೂದು ಬಣ್ಣದ ಸೀರೆ, ಸೆರಗಿಗೆ ಎರಡು ಪಿನ್ನು. ಒಂದು ಸೀರೆಗೆ, ಇನ್ನೊಂದು ಯಾರಿಗಾದರೂ ಬೇಕಾದೀತು ಎಂದು. ಚಪ್ಪಲಿ ಬಿಡುವಾಗ ಬಾಗಿಲ ಕಡೆ ಮುಖ ಮಾಡಿ ಬಿಡುತ್ತಿದ್ದರು, ಯಾರೋ ಈಗಲೇ ಕರೆಯಬಹುದು ಎನ್ನುವ ಹಾಗೆ.

ದವಾಖಾನೆಯ ಬೆಂಚಿನ ಮೇಲೆ ಯಾವಾಗಲೂ ಹೆಂಗಸರು ಇರುತ್ತಿದ್ದರು. ಎಲ್ಲರಿಗೂ ಕಾಯಿಲೆ ಇರುತ್ತಿತ್ತು ಎಂದೇನಲ್ಲ. ಸಿಸ್ಟರ್ ಹತ್ತಿರ ಹೇಳಿಕೊಂಡರೆ ಎದೆ ಹಗುರವಾಗುತ್ತದೆ ಎಂದು ಬರುತ್ತಿದ್ದರು. ಅವರು ಬುದ್ಧಿ ಹೇಳುತ್ತಿರಲಿಲ್ಲ, ದೇವರ ಮಾತನ್ನೂ ಆಡುತ್ತಿರಲಿಲ್ಲ. ಹೂಂ ಅನ್ನುತ್ತಿದ್ದರು, ಅಷ್ಟೆ. ಆದರೆ ಆ ಹೂಂ ಒಂದೇ ತರಹದ್ದಾಗಿರಲಿಲ್ಲ. ಗಂಡ ಬೈದ ವಿಷಯಕ್ಕೆ ಒಂದು, ಮಗು ಉಳಿಯದ ವಿಷಯಕ್ಕೆ ಇನ್ನೊಂದು, ಸುಳ್ಳು ಹೇಳುತ್ತಿದ್ದೀಯ ಎಂದು ಗೊತ್ತಾದಾಗ ತುಸು ಎಳೆದ ಮತ್ತೊಂದು. ತುಟಿ ಮುಚ್ಚಿಯೇ ಇರುತ್ತಿತ್ತು, ಗಂಟಲಿನಿಂದ ಮೂಗಿಗೆ ಹೋಗುವ ಸದ್ದು.

ಅದನ್ನು ಎಲ್ಲಿ ಕಲಿತಿರೆಂದು ನಮ್ಮತ್ತೆ ಒಮ್ಮೆ ಕೇಳಿದ್ದರು. ಸಿಸ್ಟರ್ ಊರು ಜಗಳೂರಿನ ಕಡೆ. ಶೇಂಗಾ ಸುಲಿಯುವ ಕಾಲದಲ್ಲಿ ಹೆಂಗಸರೆಲ್ಲ ರಾಶಿಯ ಸುತ್ತ ಕೂತಾಗ ಅವರಜ್ಜಿ ಕತೆ ಹೇಳುತ್ತಿದ್ದಳಂತೆ. ಹೂಂಗುಡುವವರಿಲ್ಲದೆ ಕತೆ ಮುಂದಕ್ಕೆ ಹೋಗುವುದಿಲ್ಲ ಎನ್ನುವುದು ಆ ಅಜ್ಜಿಯ ಕಟ್ಟಳೆ. ಸುಲಿಯಲು ಬೆರಳಿಗೆ ಬಲವಿಲ್ಲದ ಮೊಮ್ಮಗಳಿಗೆ ಆ ಕೆಲಸ. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು, ಸುಲಿಯುವ ಕೈಗಳೂ ನಿಲ್ಲುತ್ತಿದ್ದವು. "ನಿದ್ದಿ ಬಂದ್ರೂ ಹೂಂ ಬಿಡಂಗಿರ್ಲಿಲ್ಲ ದೊಡ್ಡಮ್ಮ. ನಿದ್ದಿಯಾಗೇ ಅಂತಿದ್ದೆ," ಎಂದು ನಕ್ಕರು. ಆ ಮಾತಿನಲ್ಲಿ ಹೆದರಿಕೆಯೂ ಇತ್ತೆಂದು ನನಗೆ ಆಮೇಲೆ ಹೊಳೆಯಿತು.

ಕೆಲವು ವರ್ಷಗಳ ಹಿಂದೆ ಅವರ ಮೇಲಿನವರಿಂದ ಹೇಳಿಕೆ ಬಂತು. ಪಶ್ಚಿಮ ಆಫ್ರಿಕಾದ ಒಂದು ಹಳ್ಳಿಯ ಹೆರಿಗೆ ಮನೆಗೆ ಇವರು ಹೋಗಬೇಕು. ಅಲ್ಲಿ ನಡೆಯುವುದು ಫ್ರೆಂಚ್. ಆರೇಳು ತಿಂಗಳಲ್ಲಿ ಮಾತಾಡುವಷ್ಟು ಕಲಿಯಬೇಕು, ಪಾಠ ಫೋನಿನಲ್ಲಿ. ಕಾನ್ವೆಂಟಿನಲ್ಲಿ ನೆಟ್ಟು ಸಿಗುತ್ತಿರಲಿಲ್ಲ, ನಮ್ಮ ಮನೆಯಲ್ಲಿ ಸಿಗುತ್ತಿತ್ತು. ಹಾಗಾಗಿ ಸಂಜೆ ಹೊತ್ತು ನಮ್ಮ ನಡುಮನೆಯ ಕಿಟಕಿಯ ಪಕ್ಕದ ಕುರ್ಚಿ ಅವರದಾಯಿತು.

"ಬರಾಕಿಲ್ಲ ಅಂದ್ಬಿಡ್ರಿ," ಎಂದರು ಅತ್ತೆ.

"ಹಂಗೆ ಅನ್ನಾಕೆ ಬರಂಗಿಲ್ಲ ದೊಡ್ಡಮ್ಮ. ಮಾತು ಕೊಟ್ಟು ಸೇರಿರೋದು."

ಪಾಠಕ್ಕೆ ಮುಂಚೆ ಅವರು ಹಿತ್ತಲ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದರು. ಕರವಸ್ತ್ರವನ್ನು ಮಡಿಸಿ, ಮತ್ತೆ ಮಡಿಸಿ, ಬೆಂಕಿಪೊಟ್ಟಣದಷ್ಟು ಮಾಡಿ ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ನಾನು ಕೊಟ್ಟ ಕಾಫಿ ಲೋಟದಲ್ಲೇ ಕೆನೆಗಟ್ಟುತ್ತಿತ್ತು. ಪಾಠ ಮುಗಿಯುವಾಗ ಕರವಸ್ತ್ರ ಒದ್ದೆಯಾಗಿರುತ್ತಿತ್ತು, ಮುಖ ಒರೆಸಿಕೊಂಡದ್ದನ್ನು ಮಾತ್ರ ನಾನು ಕಂಡಿರಲಿಲ್ಲ.

ನಗು ಬಂದ ದಿನವೂ ಒಂದಿದೆ. ಸಿಸ್ಟರಿಗೆ ಗಾಬರಿಯಾದಾಗ ಮಾತಿನಲ್ಲಿ ಹಕಾರ ಬಿದ್ದುಹೋಗುತ್ತಿತ್ತು, ಹೆಂಗೆ ಎನ್ನುವುದು ಎಂಗೆ ಆಗುತ್ತಿತ್ತು. ಹುಡುಗಿಯಾಗಿ ಕನ್ಯಾಮಠಕ್ಕೆ ಸೇರಿದಾಗ ಅದಕ್ಕಾಗಿ ಬಹಳ ಅನ್ನಿಸಿಕೊಂಡಿದ್ದರಂತೆ, ಕಷ್ಟಪಟ್ಟು ತಿದ್ದಿಕೊಂಡಿದ್ದರು. ಈಗ ನೋಡಿದರೆ ಫ್ರೆಂಚಿನಲ್ಲಿ ಎಚ್ ಅಕ್ಷರ ಬರೆಯುವುದಕ್ಕೆ ಮಾತ್ರ ಇದೆ, ಬಾಯಲ್ಲಿ ಆಡುವಂತಿಲ್ಲ. ಆಸ್ಪತ್ರೆಗೆ ಒಪಿತಾಲ್ ಅನ್ನಬೇಕು. ಸಿಸ್ಟರ್ ಫೋನನ್ನು ತೊಡೆಯ ಮೇಲಿಟ್ಟು ನನ್ನ ಕಡೆ ತಿರುಗಿದರು. "ನಮ್ಮ ಜಗಳೂರು ಕಡೇರೇ ಹೋಗಿ ಕಲಿಸಿ ಬಂದಂಗೈತಲ್ಲ ತಂಗೀ. ಇದಕ್ಕಾ ನಾನು ಅಷ್ಟು ಬೈಸ್ಕಂಡಿದ್ದು?"

ಆದರೆ ಪದಗಳಲ್ಲಿ ಅವರ ತೊಡಕು ಇರಲಿಲ್ಲ. ಕೈ, ಕಾಲು, ರಕ್ತ, ನೋವು, ನೀರು, ಮಗು ಎಲ್ಲವನ್ನೂ ಬೇಗ ಕಲಿತರು. ತೊಡಕಿದ್ದದ್ದು ಎದುರಿನವರು ಮಾತಾಡಲು ಶುರುಮಾಡಿದಾಗ. ಫೋನಿನಲ್ಲಿ ಕಲಿಸುತ್ತಿದ್ದ ಹುಡುಗಿ ಪುದುಚೇರಿಯವಳು, ಮಾತು ಬಿರುಸು. ಅವಳೇನೋ ಕೇಳುತ್ತಿದ್ದಳು, ಸಿಸ್ಟರ್ ತಲೆಯನ್ನು ಮೆಲ್ಲಗೆ ಆಡಿಸುತ್ತ ಹೂಂ ಅನ್ನುತ್ತಿದ್ದರು. ಅವಳು ಮುಂದಕ್ಕೆ ಹೋಗುತ್ತಿದ್ದಳು. ಒಂದು ದಿನ ಅವಳಿಗೆ ಅನುಮಾನ ಬಂದು, ನಾನೀಗ ಏನು ಕೇಳಿದೆ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಸಿಸ್ಟರ್ ಅದಕ್ಕೂ ಹೂಂ ಅಂದರು. ಹುಡುಗಿ ನಕ್ಕಳು. ಸಿಸ್ಟರ್ ನಗಲಿಲ್ಲ. ಕುತ್ತಿಗೆಯ ಹಿಂದೆ ಬೆವರು ಹನಿಯುತ್ತಿದ್ದದ್ದು ನನಗೆ ಅಡುಗೆಮನೆಯ ಬಾಗಿಲಿನಿಂದ ಕಾಣುತ್ತಿತ್ತು.

ಭಾಷೆ ಬಾರದಿದ್ದರೆ ಯಾರಿಗೂ ಅಷ್ಟು ಭಯವಾಗುವುದಿಲ್ಲ. ಇದು ಬೇರೆ ಏನೋ ಎಂದು ನನಗೆ ಅನ್ನಿಸಿತ್ತು. ಕೇಳಲು ಧೈರ್ಯವಿರಲಿಲ್ಲ.

ಆಗ ನಮ್ಮ ಮನೆಗೆ ಸೊಪ್ಪು ತರುತ್ತಿದ್ದವಳು ಸೋಮ್ಲಿಬಾಯಿ, ನ್ಯಾಮತಿ ಕಡೆಯ ತಾಂಡಾದಿಂದ ಇಲ್ಲಿಗೆ ಬಂದು ನೆಲೆಸಿದವಳು. ಸೊಪ್ಪು ಕೊಟ್ಟು ಹೋಗುವ ಪೈಕಿಯಲ್ಲ, ಕೂತು ಅತ್ತೆಯ ಎಲೆಡಿಕೆ ಹಂಚಿಕೊಂಡು ಹೋಗುವವಳು. ಒಂದು ಸಂಜೆ ಸಿಸ್ಟರ್ ಪಾಠ ಮುಗಿಸಿ ಸಪ್ಪಗೆ ಕೂತಿದ್ದಾಗ ವಿಷಯ ಏನೆಂದು ಕೇಳಿದಳು. ಹಿಂಗಿಂಗೆ, ಅರ್ಥ ಆಗದಿದ್ರೂ ಹೂಂ ಅಂತಾರೆ, ಅದೇ ತೊಂದರೆ ಎಂದು ಅತ್ತೆ ಹೇಳಿದರು. ಅದೇನು ಮಹಾ, ನಾನು ನೋಡ್ತೀನಿ ಎಂದು ಅವಳು ಸಿಸ್ಟರ್ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ತನ್ನ ಲಂಬಾಣಿ ಮಾತಿನಲ್ಲಿ ಶುರುಮಾಡಿದಳು.

ನಮಗ್ಯಾರಿಗೂ ಒಂದು ಅಕ್ಷರ ತಿಳಿಯಲಿಲ್ಲ. ಆದರೆ ಅವಳು ಕೈ ಆಡಿಸುವ ರೀತಿ, ಕಣ್ಣು ಒರೆಸಿಕೊಳ್ಳುವ ರೀತಿ ನೋಡಿದರೆ ದೊಡ್ಡ ದುಃಖವನ್ನೇ ಹೇಳಿಕೊಳ್ಳುತ್ತಿರುವಂತಿತ್ತು. ಸಿಸ್ಟರ್ ಮುಂದಕ್ಕೆ ಬಾಗಿದರು. ಅವರ ಮುಖ ದವಾಖಾನೆಯ ಬೆಂಚಿನ ಮುಂದೆ ಇರುತ್ತಿದ್ದ ಹಾಗೆ ಮೆತ್ತಗಾಯಿತು. ಹೂಂ ಅಂದರು.

ಸೋಮ್ಲಿಬಾಯಿ ತಟ್ಟನೆ ನಿಲ್ಲಿಸಿದಳು. "ನಾನೇನು ಕೇಳ್ದೆ ಗೊತ್ತೇನ್ರಿ? ನಿಮ್ಮ ಕೊರಳಾಗಿನ ಸರ ಬಿಚ್ಚಿ ನಂಗೆ ಕೊಡ್ತೀರಾ ಅಂದೆ. ಹೂಂ ಅಂದ್ರಲ್ಲ, ಕೊಡ್ರಿ ಮತ್ತೆ." ಎಂದು ಕೈ ಚಾಚಿದಳು.

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ಸಿಸ್ಟರ್ ಮುಖ ಬಿಳಿಚಿಕೊಂಡಿತ್ತು. ಕೊರಳಲ್ಲಿದ್ದ ಶಿಲುಬೆಯ ಸರವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು. ಸೋಮ್ಲಿಬಾಯಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ತಮಾಷೆಗೆ ಅಂದೆ ಸಿಸ್ಟರ್ ಎಂದಳು. ಅವರು ಹೌದೆಂದು ತಲೆಯಾಡಿಸಿ, ನೆಲ ನೋಡುತ್ತ ಹೇಳಿದರು.

ಅವರು ಹರೆಯದಲ್ಲಿದ್ದಾಗ ಉತ್ತರದ ಕಡೆಯ ಒಂದು ಗುಡ್ಡಗಾಡಿನ ಊರಿಗೆ ಹಾಕಿದ್ದರಂತೆ. ಅಲ್ಲಿಯ ಜನರ ಮಾತು ಹಿಂದಿಯೂ ಅಲ್ಲ. ಒಂದು ಬೆಳಿಗ್ಗೆ ಒಬ್ಬಳಿಗೆ ಹೆರಿಗೆಯಾಯಿತು. ಮಧ್ಯಾಹ್ನ ಸಿಸ್ಟರ್ ಅವಳ ಬಟ್ಟೆ ಬದಲಿಸುವಾಗ ಅವಳು ಏನೋ ಕೇಳಿದಳು. ಇವರಿಗೆ ತಿಳಿಯಲಿಲ್ಲ. ಸಂಕಟ ಹೇಳಿಕೊಳ್ಳುತ್ತಿದ್ದಾಳೆ ಎಂದುಕೊಂಡು ಹೂಂ ಅಂದರು, ನಕ್ಕರು ಕೂಡ. ಪಕ್ಕದ ಕೋಣೆಯಲ್ಲಿ ನೀರು ಕಾಯಿಸಿ ಬರುವಷ್ಟರಲ್ಲಿ ಮಂಚ ಖಾಲಿ. ಅವಳ ಮನೆ ಗುಡ್ಡದ ಆಚೆ. ಮರುದಿನ ಹೊರಸಿನ ಮೇಲೆ ಹೊತ್ತು ತಂದರು. ದಾರಿಯುದ್ದಕ್ಕೂ ರಕ್ತ ಹೋಗಿತ್ತಂತೆ, ಜೀವ ಇರಲಿಲ್ಲ. ಎದ್ದು ಮನೆಗೆ ಹೋಗಲೇ ಎಂದು ಅವಳು ಕೇಳಿದ್ದಳಂತೆ. ಸಿಸ್ಟರೇ ಹೂಂ ಅಂದರಲ್ಲ ಎಂದು ಗಂಡ ಅಲ್ಲಿದ್ದವರಿಗೆಲ್ಲ ಹೇಳುತ್ತಿದ್ದ. ಬೈಯುತ್ತಿರಲಿಲ್ಲ, ಸುಮ್ಮನೆ ಹೇಳುತ್ತಿದ್ದ. ಅವನ ಮಾತು ಏನೆಂದು ಇನ್ನೊಬ್ಬರು ಬಿಡಿಸಿ ಹೇಳಿದಾಗಲೇ ಇವರಿಗೆ ಎಲ್ಲ ತಿಳಿದದ್ದು.

"ಅದಾದ ಮ್ಯಾಲೆ ಕನ್ನಡದೋರ ಬಿಟ್ಟು ಬ್ಯಾರೆಲ್ಲಿಗೂ ನನ್ನ ಆಕಿರ್ಲಿಲ್ಲ. ಈಗ ಕೇಳ್ತಾ ಅವ್ರೆ, ಎಂಗೆ ಒಲ್ಲೆ ಅನ್ಲಿ," ಎಂದರು. ಹಕಾರಗಳು ಬಿದ್ದುಹೋಗಿದ್ದವು. "ಊಂ ಅನ್ನೋದು ನನ್ನ ಬಾಯಾಗಿಲ್ಲ ತಂಗೀ, ಉಸಿರಾಗೈತೆ."

ಅತ್ತೆಯ ಕೈಯಲ್ಲಿ ಸುಣ್ಣ ಹಚ್ಚಿದ ಎಲೆ ಹಾಗೇ ಇತ್ತು. ಕೊನೆಗೆ ಮಾತಾಡಿದವಳು ಸೋಮ್ಲಿಬಾಯಿ. "ನಾಳೆನೂ ಬರ್ತೀನಿ. ತಿಳೀಲಿಲ್ಲ ಅಂತ ನಿಮ್ಮ ಬಾಯಾಗೆ ಬರಾ ಮಟ ಬಿಡಾಕಿಲ್ಲ."

ಹಾಗೆ ನಮ್ಮ ನಡುಮನೆಯಲ್ಲಿ ಎರಡನೆಯ ಪಾಠ ಶುರುವಾಯಿತು. ಫೋನಿನಲ್ಲಿ ಫ್ರೆಂಚ್, ಅದು ಮುಗಿದ ಮೇಲೆ ಲಂಬಾಣಿ. ಸೋಮ್ಲಿಬಾಯಿ ಒಂದು ದಿನ ಅಳುತ್ತ ಮಾತಾಡುತ್ತಿದ್ದಳು, ಒಂದು ದಿನ ಜಗಳ ತೆಗೆಯುತ್ತಿದ್ದಳು, ಒಂದು ದಿನ ಗುಟ್ಟು ಹೇಳುವ ಹಾಗೆ ಕಿವಿಯ ಹತ್ತಿರ ಬರುತ್ತಿದ್ದಳು. ಸಿಸ್ಟರ್ ಹೂಂ ಅನ್ನದೆ ಇರಬೇಕು. ತಿಳೀಲಿಲ್ಲ, ಇನ್ನೊಂದ್ಸಲ ಹೇಳ್ರಿ ಎನ್ನುವುದನ್ನು ಫ್ರೆಂಚಿನಲ್ಲಿ ಹೇಳಬೇಕು. "ಜ ನೇ ಪಾ ಕೊಂಪ್ರಿ." ನನಗೂ ಅತ್ತೆಗೂ ಅದು ಬಾಯಿಪಾಠವಾಯಿತು. ಟೀವಿಯಲ್ಲಿ ಬಜೆಟ್ ಭಾಷಣ ಬಂದಾಗ ಅತ್ತೆ, ಜನಪಾ ಕೊಂಪ್ರಿ ಎಂದು ಗೊಣಗಿ ಚಾನೆಲ್ ಬದಲಿಸುತ್ತಿದ್ದರು. ಸಿಸ್ಟರ್ ಬಾಯಲ್ಲಿ ಮಾತ್ರ ಅದು ಬರುತ್ತಿರಲಿಲ್ಲ. ಬರುವುದರೊಳಗೆ ಹೂಂ ಬಂದುಬಿಟ್ಟಿರುತ್ತಿತ್ತು. ಬಂದ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆ ಮುಚ್ಚಿದ ಕಣ್ಣಿನೊಳಗೆ ಅವರಿಗೆ ಖಾಲಿ ಮಂಚ ಕಾಣುತ್ತಿತ್ತೆಂದು ಈಗ ನನಗೆ ಗೊತ್ತಿತ್ತು. ಇವರನ್ನು ಕಳಿಸಬಾರದು ಎಂದು ಯಾರಿಗೆ ಹೋಗಿ ಹೇಳುವುದು?

ದಾರಿ ಕಂಡುಹಿಡಿದವರು ಅತ್ತೆ. ಒಂದು ಸಂಜೆ ಸಿಸ್ಟರನ್ನೇ ದಿಟ್ಟಿಸಿ ನೋಡುತ್ತಿದ್ದವರು, "ತುಟಿ ಮುಚ್ಚಿದ್ರೆ ತಾನೆ ಹೂಂ ಬರಾದು? ಬಾಯಿ ಒಂಚೂರು ತಕ್ಕಂಡು ಕೂತ್ಕಳ್ರಿ ನೋಡನ," ಎಂದರು.

ನಾನು ತಕ್ಷಣ ಮಾಡಿ ನೋಡಿದೆ. ಹೌದು, ತುಟಿಗಳ ನಡುವೆ ಸ್ವಲ್ಪ ಸಂದು ಇದ್ದರೆ ಹೂಂ ಎನ್ನುವುದು ಪೂರ್ತಿಯಾಗುವುದಿಲ್ಲ. ಬರೀ ಉಸಿರಾಗಿ ಹೋಗುತ್ತದೆ.

ಅವತ್ತಿನಿಂದ ಸಿಸ್ಟರ್ ತುಟಿಗಳನ್ನು ಒಂದು ಅಕ್ಕಿಕಾಳು ಹೋಗುವಷ್ಟು ಬಿಟ್ಟುಕೊಂಡು ಕೂರತೊಡಗಿದರು. ಮೊದಮೊದಲು ನೋಡಿದರೆ ನಗು ಬರುತ್ತಿತ್ತು. ಆಮೇಲೆ ನಗು ಬರಲಿಲ್ಲ. ಈಗ ಏನೋ ಆಗಲಿದೆ ಎಂದು ಕಾಯುತ್ತಿರುವವರ ಮುಖ ಅದು. ಹೂಂ ಅನ್ನುತ್ತಿದ್ದಾಗ ಅವರ ಹೆದರಿಕೆ ಒಳಗಿರುತ್ತಿತ್ತು. ಈಗ ತೆರೆದ ತುಟಿಗಳ ನಡುವೆ ಎಲ್ಲರಿಗೂ ಕಾಣುವ ಹಾಗೆ ಹೊರಗೇ ಇತ್ತು. ಆದರೆ ಆ ಸಂದಿನಿಂದಲೇ ಒಂದು ಸಂಜೆ, ಸೋಮ್ಲಿಬಾಯಿ ಬಿರುಸಾಗಿ ಮಾತಾಡುತ್ತಿದ್ದಾಗ, ಆ ವಾಕ್ಯ ಹೊರಗೆ ಬಂತು. ಬಹಳ ಸಣ್ಣ ದನಿಯಲ್ಲಿ. ಸೋಮ್ಲಿಬಾಯಿ ಮಾತು ನಿಲ್ಲಿಸಿ, ಮೊದಲಿನಿಂದ ನಿಧಾನವಾಗಿ ಹೇಳಿದಳು. ಸಿಸ್ಟರಿಗೆ ಆಗಲೂ ತಿಳಿಯಲಿಲ್ಲ. ಮತ್ತೆ ಅದೇ ವಾಕ್ಯ ಹೇಳಿದರು. ಆ ಸಂಜೆ ಅವರು ಕಾಫಿಯನ್ನು ಬಿಸಿಯಿರುವಾಗಲೇ ಕುಡಿದರು.

ಕೊನೆಗೆ ಆ ದೇಶದಲ್ಲಿರುವ ಹಿರಿಯ ಸಿಸ್ಟರ್ ಒಬ್ಬರು ಫೋನಿನಲ್ಲಿ ಇವರನ್ನು ಮಾತಾಡಿಸಿ ನೋಡಿದರು, ಅದೇ ಇವರ ಪರೀಕ್ಷೆ. ನಾವೆಲ್ಲ ಅಡುಗೆಮನೆಯಲ್ಲಿ ಕುಕ್ಕರ್ ಕೂಡ ಇಡದೆ ಕಿವಿಗೊಟ್ಟು ನಿಂತಿದ್ದೆವು. ಜ ನೇ ಪಾ ಕೊಂಪ್ರಿ ಎನ್ನುವುದು ಮತ್ತೆ ಮತ್ತೆ ಕೇಳಿಬಂತು. ಮುಗಿಯಿತು, ಇವರು ಬೇಡ ಅನ್ನುತ್ತಾರೆ ಎಂದುಕೊಂಡೆ. ಹಾಗಾಗಲಿ ಎಂದು ಒಳಗೊಳಗೇ ಬೇಡಿಕೊಂಡೆ ಕೂಡ. ಆದರೆ ಆ ಹಿರಿಯರು, ತಿಳಿಯದ್ದನ್ನು ತಿಳಿಯಲಿಲ್ಲ ಎನ್ನುವವರೇ ಬೇಕು, ಬನ್ನಿ ಅಂದರಂತೆ.

ಹೊರಡುವ ದಿನ ಬಸ್‌ಸ್ಟ್ಯಾಂಡಿಗೆ ನಾವೂ ಹೋಗಿದ್ದೆವು. ಅವರ ಚೀಲ ಚಿಕ್ಕದಿತ್ತು. ಸೆರಗಿನ ಎರಡನೆಯ ಪಿನ್ನನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು, ಏನಾದರೂ ಕೊಡಬೇಕು, ಬೇರೇನೂ ಇಲ್ಲ ಎನ್ನುವ ಹಾಗೆ. ಅವರ ಬೆರಳು ಮಂಜುಗಡ್ಡೆಯಂತಿತ್ತು. ಎಲ್ಲರೂ ಧೈರ್ಯ ಹೇಳುತ್ತಿದ್ದರು. ಅತ್ತೆ ಮಾತ್ರ ಹೇಳಲಿಲ್ಲ. "ಹೆದರಬ್ಯಾಡ್ರಿ ಅಂತ ನಾನು ಅನ್ನಾಕಿಲ್ಲ. ಹೆದರಿಕೆ ಇದ್ರೇನೇ ಬಾಯಿ ತಕ್ಕಂಡಿರ್ತೀರಿ." ಬಸ್ಸು ತಿರುಗುವಾಗ ಕಿಟಕಿಯಲ್ಲಿ ಅವರ ಮುಖ ಕಂಡಿತು. ತುಟಿಗಳ ನಡುವೆ ಆ ಸಂದು ಇತ್ತು.

ಅಲ್ಲಿಂದ ಅವರು ಆಗಾಗ ಫೋನಿಗೆ ತಮ್ಮ ದನಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು, ಚಿಕ್ಕ ಚಿಕ್ಕವು. ಬಿಸಿಲು ನಮ್ಮ ಜಗಳೂರಿನಂತೆಯೇ ಇದೆ, ಅಲ್ಲಿಯೂ ಶೇಂಗಾ ಬೆಳೆಯುತ್ತಾರೆ, ಹೆಂಗಸರು ಸುತ್ತ ಕೂತು ಸುಲಿಯುತ್ತಾರೆ, ಹೀಗೆ. ಉದ್ದನೆಯದು ಒಂದೇ. ಪ್ರಾರ್ಥನೆಯಿಂದ ಮನೆಗೆ ಬಂದು ಅದನ್ನು ಹುಡುಕಿ ತೆಗೆದೆ. ಅತ್ತೆಗೆ ಈಗ ಕಿವಿ ಮಂದ, ಫೋನನ್ನು ಅವರ ಕಿವಿಗೆ ಹಿಡಿದು, ನಾನೂ ತಲೆ ತಾಗಿಸಿ ಕೇಳಿದೆ. ಅದರಲ್ಲಿ ಅವರ ದನಿ ಇನ್ನೂ ನಡುಗುತ್ತಿದೆ, ಹಕಾರಗಳು ಬಿದ್ದುಹೋಗಿವೆ.

"ತಂಗೀ, ಇವತ್ತು ಒಬ್ಬಾಕೆಗೆ ಎರಿಗೆ ಆತು. ಚೊಚ್ಚಿಲ. ನಾನು ಬಟ್ಟೆ ಬದಲಿಸ್ತಿದ್ದೆ. ಬಾಗಿಲ ಕಡೆ ನೋಡ್ಕಂತ ಏನೋ ಕೇಳಿದ್ಲು. ಫ್ರೆಂಚಲ್ಲ ತಂಗೀ. ಈ ಅಳ್ಳಿ ಮಾತೇ ಬ್ಯಾರೆ ಐತೆ, ಫ್ರೆಂಚು ಆಕೆಗೂ ಬರಾದಿಲ್ಲ. ಅದೇ ಮಂಚ, ಅದೇ ಬಾಗಿಲು ಅನ್ನಿಸ್ತು. ಬಾಯಿ ತಕ್ಕಂಡೆ. ನಂಗೆ ತಿಳೀಲಿಲ್ಲ ಕಣವ್ವಾ ಅಂತ ಕನ್ನಡದಾಗೇ ಅಂದೆ. ಆಕೆ ಕೈ ಇಡ್ಕಂಡೆ, ಬಿಡ್ಲಿಲ್ಲ. ಅಲ್ಲಿ ಕಸ ಒಡಿಯೋಳು ನೀರಿಗೆ ಓಗಿದ್ಲು, ಬರಾ ಮಟ ಇಡ್ಕಂಡೇ ಕೂತಿದ್ದೆ. ಆಕೆ ಬಂದು ಬಾಣಂತೀನ ಕೇಳಿ, ನಕ್ಕು, ನಂಗೆ ಫ್ರೆಂಚಿನಾಗೆ ಏಳಿದ್ಲು. ಆ ಫ್ರೆಂಚು ನಂಗೆ ಒಂದೇ ಸಲಕ್ಕೆ ತಿಳೀತು ನೋಡು. ನಿಮ್ಮ ಕೈ ನಡುಗ್ತೈತೆ, ನಿಮಗೆ ಎದರಿಕೆ ಆಗೈತಾ, ಒರಗಿಂದ ಯಾರನ್ನಾರ ಕರೀಲಾ ಅಂತ ಕೇಳ್ತಾ ಅವ್ಳೆ ಅಂದ್ಲು."

ಇಲ್ಲಿ ಸ್ವಲ್ಪ ಹೊತ್ತು ಬರೀ ಗಾಳಿಯ ಸದ್ದು. ಎಲ್ಲೋ ಒಂದು ಕೂಸು ಅಳುತ್ತದೆ. ಆಮೇಲೆ ಅವರ ದನಿ.

"ಹೂಂ ಅಂದೆ."